ಗುಮಾಸ್ತನ ಹೆಸರಿನ ಖಾತೆ

“ಗುರುಗಳೇ, ಎರಡೂ ಕಡೆ ತಾಳೆ ಆದ್ಮೇಲೆ ಹೆಸರು ಯಾವುದಾದ್ರೇನು?”

ಕೇಳಿದವಳು ರತ್ನಮಾಲಾ. ಕೇಳಿದ್ದು ಗುರುಪಾದಯ್ಯನವರನ್ನು. ಅವರು ಆ ಊರಿನಲ್ಲಿ ನಲವತ್ತು ವರ್ಷ ಲೆಕ್ಕ ಬರೆಯುವುದನ್ನು ಕಲಿಸಿದವರು. ರತ್ನಮಾಲಾ ಅವರ ಕಡೆಯ ಶಿಷ್ಯೆ. ಅವರ ಹತ್ತಿರ ಲೆಕ್ಕ ಕಲಿತು, ಆಮೇಲೆ ಕಂಪ್ಯೂಟರ್ ಕಲಿತು, ಎರಡನ್ನೂ ಕೂಡಿಸಿ ಅಂಗಡಿಗಳಿಗೂ ಸಹಕಾರ ಸಂಘಗಳಿಗೂ ಲೆಕ್ಕ ಬರೆಯುವ ಒಂದು ತಂತ್ರಾಂಶ ಮಾಡಿದ್ದಳು. ಅದನ್ನು ಗುರುಗಳಿಗೆ ತೋರಿಸಲು ಬಂದಿದ್ದಳು.

ತೆರೆಯ ಮೇಲೆ ಒಂದೊಂದು ವ್ಯವಹಾರಕ್ಕೂ ಒಂದೊಂದು ಹೆಸರಿತ್ತು. ಮಾರಾಟ, ಖರೀದಿ, ಬಾಡಿಗೆ, ಸಂಬಳ, ಸಾಲ. ಎಲ್ಲಕ್ಕಿಂತ ಕೆಳಗೆ ‘ಇತರೆ’ ಎಂದು ಒಂದು ಗುಂಡಿ ಇತ್ತು. ಮಿಕ್ಕವುಗಳಿಗಿಂತ ಅದೇ ಸ್ವಲ್ಪ ದೊಡ್ಡದಾಗಿತ್ತು.

“ಇದನ್ನ ಒತ್ತಿದ್ರೆ?” ಎಂದರು ಗುರುಗಳು.

“ಜನರಿಗೆ ಹೆಸರು ಹುಡುಕೋ ತಾಳ್ಮೆ ಇಲ್ಲ ಗುರುಗಳೇ. ಏನೂ ತೋಚದೆ ಇದ್ರೆ ಇದನ್ನ ಒತ್ತುತ್ತಾರೆ. ಪೆಟ್ಟಿಗೆಯಿಂದ ಹಣ ಹೋಯ್ತು ಅನ್ನೋದು ಒಂದು ಕಡೆ ಬೀಳುತ್ತೆ. ಇನ್ನೊಂದು ಕಡೆಗೆ, ಆಗ ಕಂಪ್ಯೂಟರ್ ಮುಂದೆ ಕೂತಿರೋರ ಹೆಸರಿಗೆ ಅಷ್ಟೂ ಹೋಗಿ ಕೂತ್ಕೊಳ್ಳುತ್ತೆ. ಬೇಕಾದಾಗ ಬೇರೆ ಹೆಸರಿಗೆ ತಿರುಗಿಸ್ಕೋಬಹುದು. ತಾಳೆ ಮಾತ್ರ ತಪ್ಪೋದೇ ಇಲ್ಲ.”

“ತಿರುಗಿಸ್ಕೋತಾರಾ?”

“ಇನ್ನೂ ಯಾರೂ ತಿರುಗಿಸಿಲ್ಲ” ಎಂದು ರತ್ನಮಾಲಾ ನಕ್ಕಳು. ಹಾಲಿನ ಸಂಘವೊಂದರ ಲೆಕ್ಕ ಬರೆಯುವ ಹೆಂಗಸು ಮಾತ್ರ ತನ್ನ ಹೆಸರು ಅಲ್ಲಿ ಯಾಕೆ ಬಂತು ಎಂದು ಎರಡು ಸಲ ಫೋನು ಮಾಡಿದ್ದಳು. ಮುಂದಿನ ವಾರ ಆ ತಂತ್ರಾಂಶ ಮುನ್ನೂರು ಅಂಗಡಿಗಳಿಗೆ ಹೋಗುವುದಿತ್ತು. ಒಬ್ಬ ಹೆಂಗಸಿನ ಗೊಣಗಾಟಕ್ಕಾಗಿ ಎಲ್ಲವನ್ನೂ ಬಿಚ್ಚಿ ಮತ್ತೆ ಹೊಲಿಯಬೇಕೇ ಎಂಬುದು ಅವಳ ಸಂಕಟ. ಅದಕ್ಕೇ ಆ ಪ್ರಶ್ನೆ ಕೇಳಿದ್ದು.

ಗುರುಗಳು ಲ್ಯಾಪ್‌ಟಾಪನ್ನು ಅವಳ ಕಡೆಗೆ ತಿರುಗಿಸಿಟ್ಟರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಹುಣಸೆಹಣ್ಣಿನ ಮಂಡಿ ಇಟ್ಟಿದ್ದ. ಅವನ ಹತ್ತಿರ ಒಬ್ಬ ಗುಮಾಸ್ತನಿದ್ದ. ವರ್ತಕನಿಗೆ ಹುಣಸೆಹಣ್ಣಿನ ಮೇಲೆ ಎಷ್ಟು ಅಭಿಮಾನವೋ ಗುಮಾಸ್ತನಿಗೆ ಲೆಕ್ಕದ ಪುಸ್ತಕದ ಮೇಲೆ ಅಷ್ಟೇ ಅಭಿಮಾನ. ಅವನ ಪುಸ್ತಕದಲ್ಲಿ ಒಂದು ಚಿತ್ತಿರಲಿಲ್ಲ, ಒಂದು ಕಾಟು ಇರಲಿಲ್ಲ. ಆ ಊರಿನಲ್ಲಿ ಮದುವೆಯ ಲಗ್ನಪತ್ರಿಕೆ ಬರೆಸಬೇಕಾದರೂ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಆಗಿನ ಪದ್ಧತಿ ಈಗಿನದೇ. ಪ್ರತಿ ರೂಪಾಯಿಯನ್ನೂ ಎರಡು ಸಲ ಬರೆಯಬೇಕು. ಎಲ್ಲಿಂದ ಬಂತು ಎಂದು ಒಂದು ಸಲ, ಯಾರ ಹೆಸರಿಗೆ ಹೋಯಿತು ಎಂದು ಒಂದು ಸಲ. ಸಂಜೆ ಎರಡು ಬದಿಯನ್ನೂ ಕೂಡಬೇಕು. ಎರಡೂ ಒಂದೇ ಆದರೆ ಕೆಳಗೆ ಜೋಡಿಗೆರೆ ಎಳೆದು ಪುಸ್ತಕ ಮುಚ್ಚಬಹುದು. ಆಗದಿದ್ದರೆ ಮುಚ್ಚುವ ಹಾಗಿಲ್ಲ. ಗುಮಾಸ್ತ ಜೋಡಿಗೆರೆ ಎಳೆಯದೆ ಎಂದೂ ಮನೆಗೆ ಹೋದವನಲ್ಲ.

ಒಂದು ಸಂಜೆ ಪೆಟ್ಟಿಗೆಯಲ್ಲಿ ನಲವತ್ತು ರೂಪಾಯಿ ಕಡಿಮೆ ಬಿತ್ತು. ಗುಮಾಸ್ತ ಮೂರು ಸಲ ಎಣಿಸಿದ. ಹುಣಸೆ ಬೀಜದ ಚೀಲಗಳನ್ನು ಸರಿಸಿ ನೆಲ ನೋಡಿದ. ಅವನ ಮುಖ ನೋಡಲಾರದೆ ವರ್ತಕನೇ ಹೇಳಿದ, ಹಣ ತಾನೇ ತೆಗೆದದ್ದು ಎಂದು. ಗುಮಾಸ್ತನಿಗೆ ಹೋದ ಜೀವ ಬಂತು. ಲೇಖನಿ ಎತ್ತಿಕೊಂಡ.

“ಯಾವ ಹೆಸರಿಗೆ ಬರೀಲಿ ಧಣಿ?”

ವರ್ತಕ ಎಲೆಅಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಆ ಹಣ ಹೊಳೆಯಾಚೆ ಒಂದು ಮನೆಗೆ ಹೋಗಿತ್ತು. ಆ ಮನೆಯಲ್ಲಿ ಒಬ್ಬ ಹೆಂಗಸಿದ್ದಳು, ಅವಳ ಮಡಿಲಲ್ಲಿ ವರ್ತಕನ ಮಗಳಿದ್ದಳು. ಊರಿಗೆ ಇದು ಅಷ್ಟಿಷ್ಟು ಗೊತ್ತಿತ್ತು. ಗೊತ್ತಿದ್ದೂ ಊರು ಬಾಯಿ ಬಿಡುತ್ತಿರಲಿಲ್ಲ, ಏಕೆಂದರೆ ಊರಿನ ಅರ್ಧದಷ್ಟು ಜನಕ್ಕೆ ಆ ಮಂಡಿಯಲ್ಲಿ ಕೆಲಸವಿತ್ತು.

“ಧಣಿಯ ಸ್ವಂತ ಖರ್ಚು ಅಂತ ಬರೀಲಾ?” ಎಂದು ಗುಮಾಸ್ತ ಮತ್ತೆ ಕೇಳಿದ. ಅವನು ಕೇಳಿದ್ದು ಸರಿಯಾದ ಹೆಸರನ್ನೇ. ಮೂರೇ ಮಾತು. ಅದಕ್ಕೊಂದು ಖಾತೆ ತೆರೆದರೆ ಮುಗಿಯುತ್ತಿತ್ತು.

“ಬೇಡ” ಎಂದ ವರ್ತಕ. “ದೀಪಾವಳಿ ಪಾಡ್ಯದ ದಿನ ಪುಸ್ತಕದ ಪೂಜೆ ಮಾಡೋಳು ನಮ್ಮ ಮನೆಯೋಳು. ಅವಳಿಗೆ ಓದು ಬರುತ್ತೆ. ಏನಪ್ಪಾ ಇದು ಸ್ವಂತ ಖರ್ಚು ಅಂದ್ರೆ ನಾನೇನು ಹೇಳ್ಲಿ? ಸದ್ಯಕ್ಕೆ ನಿಮ್ಮ ಹೆಸರಿಗೇ ಹಾಕ್ಕೊಳ್ಳಿ ಗುಮಾಸ್ತರೇ. ನಿಮ್ಮ ಹೆಸರು ಬೇರೆ, ನನ್ನ ಹೆಸರು ಬೇರೆನಾ?”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ವರ್ತಕರಿಗೆ ಈ ವಿದ್ಯೆ ಯಾರೂ ಕಲಿಸಬೇಕಾಗಿಲ್ಲ.

ಗುಮಾಸ್ತನಿಗೆ ಕಣ್ಣು ತುಂಬಿ ಬಂತು. ಇಪ್ಪತ್ತು ವರ್ಷದ ಹಿಂದೆ ಬರಿಗೈಲಿ ಈ ಊರಿಗೆ ಬಂದವನು ಅವನು. ಧಣಿ ಇಂದು ತನ್ನ ಹೆಸರನ್ನೂ ಇವನ ಹೆಸರನ್ನೂ ಒಂದೇ ಎಂದಿದ್ದ. ಸಂಬಳ ಹೆಚ್ಚಿಸಿದ್ದರೂ ಅವನಿಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ. ಒಂದು ಹೊಸ ಹಾಳೆ ತೆರೆದು ಮೇಲೆ ತನ್ನ ಹೆಸರನ್ನು ದುಂಡಗೆ ಬರೆದ. ಕೆಳಗೆ ನಲವತ್ತು ರೂಪಾಯಿ ಬರೆದ. ಕೂಡಿದ. ಎರಡೂ ಬದಿ ತಾಳೆಯಾಯಿತು. ಜೋಡಿಗೆರೆ ಎಳೆದು ಮನೆಗೆ ಹೋದ.

ಮನೆಯಲ್ಲಿ ಹೆಂಡತಿಗೆ ಈ ಮಾತು ಹೇಳಿದ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

“ಅವರ ಹೊರೆ ನಿಮ್ಮ ತಲೆ ಮೇಲೆ ಯಾಕೆ?” ಎಂದಳು.

“ಹೊರೆ ಎಲ್ಲಿ ಬಂತೇ? ಬರೀ ಬರವಣಿಗೆ” ಎಂದು ಅವನು ನಕ್ಕ. ಪುಸ್ತಕ ಗೊತ್ತಿಲ್ಲದವಳು ಎಂದುಕೊಂಡ.

ಸದ್ಯಕ್ಕೆ ಎಂದದ್ದು ತಿಂಗಳಾಯಿತು, ವರ್ಷವಾಯಿತು. ಹೊಳೆಯಾಚೆಯ ಮನೆಗೆ ಅಕ್ಕಿ ಹೋಗಬೇಕು, ಬಟ್ಟೆ ಹೋಗಬೇಕು, ಮಗುವಿಗೆ ಜ್ವರ ಬಂದರೆ ಔಷಧ ಹೋಗಬೇಕು. ಒಂದು ತಿಂಗಳು ನೂರು ರೂಪಾಯಿ, ಇನ್ನೊಂದು ತಿಂಗಳು ಇನ್ನೂರು. ಎಲ್ಲವೂ ಗುಮಾಸ್ತನ ಹೆಸರಿಗೆ. ಈಗ ಅವನು ಕೇಳುತ್ತಲೂ ಇರಲಿಲ್ಲ. ಸಂಜೆ ಪೆಟ್ಟಿಗೆಯಲ್ಲಿ ಕಡಿಮೆ ಬಿದ್ದಷ್ಟನ್ನು ತನ್ನ ಹಾಳೆಗೆ ಬರೆದುಕೊಂಡು ಜೋಡಿಗೆರೆ ಎಳೆಯುತ್ತಿದ್ದ.

ಪ್ರತಿ ದೀಪಾವಳಿ ಪಾಡ್ಯಕ್ಕೆ ಹೊಸ ಪುಸ್ತಕ ಬರುತ್ತಿತ್ತು. ವರ್ತಕನ ಹೆಂಡತಿ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಹಳೆಯ ಪುಸ್ತಕವನ್ನೂ ಒಮ್ಮೆ ತೆರೆದು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ತೆರೆದಾಗ ಓದುತ್ತಲೂ ಇದ್ದಳು. ಪೂಜೆ ಮುಗಿದ ಮೇಲೆ ಗುಮಾಸ್ತ ಹಳೆಯ ಬಾಕಿಗಳನ್ನೆಲ್ಲ ಹೊಸ ಪುಸ್ತಕಕ್ಕೆ ಒಯ್ಯಬೇಕು. ಅವನು ತನ್ನ ಬಾಕಿಯನ್ನೂ ಒಯ್ಯುತ್ತಿದ್ದ. ಮಿಂದು, ವಿಭೂತಿ ಧರಿಸಿ, ಪೂರ್ವಕ್ಕೆ ಮುಖ ಮಾಡಿ ಕೂತು, ತಾನು ತಿನ್ನದ ಸಾಲವನ್ನು ತನ್ನ ಹೆಸರಿನ ಮುಂದೆ ತಾನೇ ಬರೆಯುತ್ತಿದ್ದ. ವರ್ತಕ ಆ ದಿನ ಅವನಿಗೊಂದು ಪಂಚೆ ಕೊಡುತ್ತಿದ್ದ. ಪಂಚೆಯನ್ನು ಸರಿಯಾಗಿ ಮಂಡಿಯ ಖರ್ಚಿಗೆ ಬರೆಯಲಾಗುತ್ತಿತ್ತು.

ಹನ್ನೊಂದನೆಯ ವರ್ಷ ಬಾಕಿ ಒಯ್ಯುವಾಗ ಗುಮಾಸ್ತ ತನ್ನ ಮೊತ್ತವನ್ನು ಎರಡು ಸಲ ಓದಿದ. ಅವನ ಹೆಸರಿನ ಮುಂದೆ ಇದ್ದ ಮೊತ್ತದಲ್ಲಿ ಆ ಊರಿನಲ್ಲಿ ಎರಡು ಮನೆ ಕೊಳ್ಳಬಹುದಿತ್ತು. ಅವನ ಸಂಬಳ ತಿಂಗಳಿಗೆ ತೊಂಬತ್ತು ರೂಪಾಯಿ. ಇದ್ದದ್ದು ಎರಡಂಕಣದ ಒಂದು ಹೆಂಚಿನ ಮನೆ. ಅದೂ ಹೆಂಡತಿಯ ಓಲೆ ಮಾರಿ ಕಟ್ಟಿದ್ದು. ಲೇಖನಿ ಕೆಳಗಿಟ್ಟು ಅವನು ಧಣಿಯ ಹತ್ತಿರ ಹೋದ.

“ಧಣಿ, ಇದನ್ನ ಒಂದ್ಸಲ ಬೇರೆ ಹೆಸರಿಗೆ ತಿರುಗಿಸಿಬಿಡೋಣ. ಒಂದೇ ಸಾಲು ಬರೆದ್ರೆ ಆಗುತ್ತೆ.”

“ಯಾಕೆ, ನನ್ನ ಮೇಲೆ ನಂಬಿಕೆ ಹೋಯ್ತಾ?” ಎಂದ ವರ್ತಕ.

ಗುಮಾಸ್ತನಿಗೆ ನಾಚಿಕೆಯಾಯಿತು. ನಾಚಿಕೆಪಡಬೇಕಾದವನು ಎದುರಿಗೆ ಕೂತು ಎಲೆಅಡಿಕೆ ಮೆಲ್ಲುತ್ತಿದ್ದ. ಲೋಕದಲ್ಲಿ ಹೀಗೇ ಆಗುವುದು. ಗುಮಾಸ್ತ ತಲೆ ತಗ್ಗಿಸಿಕೊಂಡು ಬಂದು ಮತ್ತೆ ಲೇಖನಿ ಎತ್ತಿಕೊಂಡ. ಆ ಒಂದು ಸಾಲನ್ನು ಆಮೇಲೆ ಅವನು ಎಂದೂ ಕೇಳಲಿಲ್ಲ.

ಹತ್ತೊಂಬತ್ತನೆಯ ವರ್ಷ ವರ್ತಕ ಸತ್ತ. ಬೆಳಿಗ್ಗೆ ತಕ್ಕಡಿಯ ಮುಂದೆ ಕೂತವನು ಹಾಗೇ ವಾಲಿದ. ಯಾರಿಗೂ ಏನೂ ಹೇಳುವಷ್ಟು ಹೊತ್ತು ಅವನಿಗೆ ಸಿಕ್ಕಲಿಲ್ಲ. ಗುಮಾಸ್ತ ಮನೆಯವರಿಗಿಂತ ಹೆಚ್ಚು ಅತ್ತ.

ವರ್ತಕನಿಗೆ ಒಬ್ಬ ಮಗ. ಮಂಡಿಯನ್ನು ವಹಿಸಿಕೊಳ್ಳುವ ಮೊದಲು ಲೆಕ್ಕ ನೋಡಿಸಬೇಕು ಎಂದ. ಅದರಲ್ಲಿ ತಪ್ಪೇನಿರಲಿಲ್ಲ. ಪಕ್ಕದ ಪಟ್ಟಣದಿಂದ ಲೆಕ್ಕ ಬಲ್ಲ ಒಬ್ಬನನ್ನು ಕರೆಸಿದ. ಬಂದವನು ಹೊಸದಾಗಿ ಪರೀಕ್ಷೆ ಪಾಸಾಗಿದ್ದ, ಚುರುಕಾಗಿದ್ದ. ಹತ್ತೊಂಬತ್ತು ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಐದು ದಿನ ಕೂತ. ಗುಮಾಸ್ತನೇ ಅವನಿಗೆ ಒಂದೊಂದಾಗಿ ಪುಸ್ತಕ ತೆಗೆದುಕೊಟ್ಟ, ಹೊತ್ತುಹೊತ್ತಿಗೆ ಕಾಫಿ ತರಿಸಿಕೊಟ್ಟ. ತನ್ನ ಪುಸ್ತಕವನ್ನು ಬಲ್ಲವನೊಬ್ಬ ಓದುತ್ತಿದ್ದಾನೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಇವನು ಕೇಳಿಯೇ ಕೇಳುತ್ತಾನೆ, ಆಗ ಗುಟ್ಟಾಗಿ ಹೇಳಿಬಿಡೋಣ ಎಂದುಕೊಂಡಿದ್ದ.

ಅವನು ಕೇಳಲಿಲ್ಲ. ಐದನೆಯ ದಿನ, ಇಷ್ಟು ಶುದ್ಧವಾದ ಪುಸ್ತಕವನ್ನು ತಾನು ಕಂಡೇ ಇಲ್ಲ ಎಂದು ಗುಮಾಸ್ತನ ಬೆನ್ನು ತಟ್ಟಿದ. ಕಡೆಯ ಪುಸ್ತಕದ ಕೆಳಗೆ, ಎರಡು ಬದಿಯೂ ತಾಳೆಯಾಗಿದೆ, ಒಂದು ಪೈಸೆಯ ವ್ಯತ್ಯಾಸವಿಲ್ಲ ಎಂದು ಬರೆದು ರುಜು ಹಾಕಿದ. ಆಮೇಲೆ ಬಾಕಿದಾರರ ಪಟ್ಟಿ ಮಾಡಿ ಮಗನ ಕೈಗೆ ಕೊಟ್ಟ. ಪಟ್ಟಿಯ ಮೊದಲ ಹೆಸರು ಗುಮಾಸ್ತನದು. ಮೊತ್ತ ಮೂವತ್ತೊಂದು ಸಾವಿರದ ಆರುನೂರು ರೂಪಾಯಿ.

ಪಂಚರು ಸೇರಿದರು. ಮಗ ಪುಸ್ತಕ ತೆರೆದು ಗುಮಾಸ್ತನ ಮುಂದೆ ಹಿಡಿದ.

“ಈ ಅಕ್ಷರ ಯಾರದು?”

“ನನ್ನದು.”

“ಈ ಹೆಸರು?”

“ನನ್ನದೇ ಚಿಕ್ಕ ಧಣಿ. ಆದ್ರೆ ಹಣ ನನ್ನದಲ್ಲ. ಅದು ದೊಡ್ಡ ಧಣಿಯ ಸ್ವಂತ ಖರ್ಚು.”

ಹತ್ತೊಂಬತ್ತು ವರ್ಷದ ಹಿಂದೆ ಬರೆಯಬೇಕಾಗಿದ್ದ ಮೂರು ಮಾತನ್ನು ಅವನು ಆವತ್ತು ಆಡಿದ. ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗನ ಮುಖ ಕೆಂಪಾಯಿತು. ಸತ್ತು ಹದಿನೈದು ದಿನ ಆಗದ ಅಪ್ಪನ ಮೇಲೆ ಒಬ್ಬ ಗುಮಾಸ್ತ ಸಾಲ ಹೊರಿಸುತ್ತಿದ್ದಾನೆ ಎಂದೇ ಅವನಿಗೆ ಅನ್ನಿಸಿತು.

“ಹಂಗಿದ್ರೆ ಹಂಗೇ ಯಾಕೆ ಬರೀಲಿಲ್ಲ?” ಎಂದ.

ಇದಕ್ಕೆ ಉತ್ತರ ಹೇಳಬೇಕಾದರೆ ಹೊಳೆಯಾಚೆಯ ಮನೆಯ ಮಾತೆತ್ತಬೇಕು. ಬಾಗಿಲ ಹಿಂದೆ ವರ್ತಕನ ಹೆಂಡತಿ ಬಳೆಯಿಲ್ಲದ ಬರಿಗೈಯಲ್ಲಿ ಕೂತಿದ್ದಳು. ಅವಳ ಕಿವಿಯಲ್ಲಿ ಆ ಮಾತನ್ನು ಹೇಗೆ ಹಾಕುವುದು? ಗುಮಾಸ್ತ ಬಾಗಿಲ ಕಡೆ ತಿರುಗಿ ಕೈ ಮುಗಿದ.

“ತಾಯಿ, ಪ್ರತಿ ವರ್ಷ ಪುಸ್ತಕ ನೋಡ್ದೋರು ನೀವು. ನಿಮಗೆ ನನ್ನ ಬದುಕು ಗೊತ್ತು. ನೀವೊಂದು ಮಾತು ಹೇಳಿ.”

ಅವಳು ಬಾಗಿಲಿಗೆ ಬಂದಳು. ಗುಮಾಸ್ತ ಅವಳ ಕಣ್ಣು ನೋಡಿದ. ನೋಡಿದ ಕೂಡಲೇ ಅವನಿಗೆ ತಿಳಿಯಿತು, ಅವಳಿಗೆ ಎಲ್ಲವೂ ಗೊತ್ತಿದೆ ಎಂದು. ಇವತ್ತಲ್ಲ, ನಿನ್ನೆಯಲ್ಲ, ಮೂರನೆಯ ದೀಪಾವಳಿಯಿಂದಲೇ ಗೊತ್ತಿದೆ. ತೇಪೆ ಹಾಕಿದ ಅಂಗಿಯ ಗುಮಾಸ್ತನ ಹೆಸರಿನಲ್ಲಿ ಸಾವಿರಗಟ್ಟಲೆ ಬಾಕಿ ಇದ್ದರೆ ಓದು ಬಂದ ಹೆಂಗಸಿಗೆ ಅರ್ಥವಾಗುವುದಿಲ್ಲವೇ? ಹದಿನಾರು ವರ್ಷ ಅವಳು ಆ ಹೆಸರಿನ ಮೇಲೆಯೇ ಅರಿಸಿನ ಕುಂಕುಮ ಹಾಕಿ ತನ್ನ ಮಾನ ಕಾಪಾಡಿಕೊಂಡಿದ್ದಳು.

“ಪುಸ್ತಕದಲ್ಲಿ ಬರೆದಿದ್ದನ್ನ ಓದಿ” ಎಂದಳು ಪಂಚರಿಗೆ. “ಬರೀದೇ ಇದ್ದಿದ್ದು ನನಗೆ ಗೊತ್ತಿಲ್ಲ.”

ಒಳಕ್ಕೆ ಹೋದಳು. ಪಂಚಾಯಿತಿ ಅಲ್ಲಿಗೆ ಮುಗಿಯಿತು.

ಗುಮಾಸ್ತ ಅದೇ ಮಧ್ಯಾಹ್ನ ಹೊಳೆ ದಾಟಿದ. ಆ ಮನೆಯ ಹೆಂಗಸು ಒಂದು ಸಲ ಬಂದು ಹಣ ಪಡೆದದ್ದು ನಿಜ ಎಂದರೆ ಸಾಕಿತ್ತು. ಆದರೆ ಅವಳ ಮಗಳಿಗೆ ಅದೇ ತಿಂಗಳು ಗಂಡು ಗೊತ್ತಾಗಿತ್ತು. ಹುಡುಗಿಯ ತಂದೆ ಎಂದೋ ತೀರಿಕೊಂಡ ಎಂದು ಬೀಗರಿಗೆ ಹೇಳಿದ್ದಳು. ಅವಳು ಗುಮಾಸ್ತನಿಗೆ ನೀರು ಕೊಟ್ಟಳು, ಅತ್ತಳು, ಕಾಲು ಹಿಡಿದುಕೊಂಡಳು, ಬರುವುದಿಲ್ಲ ಎಂದಳು. ಅವನು ಹುಡುಗಿಯ ಮುಖ ನೋಡಿ ಎದ್ದು ಬಂದ. ಹತ್ತೊಂಬತ್ತು ವರ್ಷ ತನ್ನ ಹೆಸರಿನ ಮೇಲೆ ಬೆಳೆದ ಹುಡುಗಿಯನ್ನು ಅವನು ನೋಡಿದ್ದು ಅದೇ ಮೊದಲು, ಅದೇ ಕಡೆ.

ಎರಡಂಕಣದ ಮನೆ ಹೋಯಿತು. ಮನೆ ಬಿಟ್ಟ ದಿನ ಹೆಂಡತಿ ಒಂದೇ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಮಿಕ್ಕ ಬಾಕಿಯನ್ನು ಮಗ ದೊಡ್ಡ ಮನಸ್ಸು ಮಾಡಿ ಮನ್ನಾ ಮಾಡಿದ. ಊರು ಮಗನನ್ನು ಹೊಗಳಿತು. ಗುಮಾಸ್ತನನ್ನು, ಉಂಡ ಮನೆಯ ಜಂತೆ ಎಣಿಸಿದವನು ಎಂದಿತು. ಹಣ ಹೊಳೆ ದಾಟಿದ್ದು ಊರಿಗೂ ಗೊತ್ತಿತ್ತು. ಆದರೂ ಹಾಗೇ ಅಂದಿತು, ಯಾಕೆಂದರೆ ಮಂಡಿಯಲ್ಲಿ ಕೆಲಸ ಇನ್ನೂ ಇತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅವನದು ಅಡಿಕೆಗೂ ಹೋದದ್ದಲ್ಲ. ಅಡಿಕೆ ಮೆದ್ದವನು ಬೇರೆ.

ಆ ಊರಿನಲ್ಲಿ ಯಾವ ಅಂಗಡಿಯವನೂ ಅವನಿಗೆ ಪುಸ್ತಕ ಮುಟ್ಟಲು ಕೊಡಲಿಲ್ಲ. ಕಡೆಗೆ ಅವನು ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು, ಓದು ಬಾರದವರಿಗೆ ಕಾಗದ ಬರೆದುಕೊಡುತ್ತ, ಮನಿಯಾರ್ಡರ್ ಫಾರಂ ತುಂಬಿಕೊಡುತ್ತ ಹೊಟ್ಟೆ ಹೊರೆದ. ಅಕ್ಷರ ಅದೇ ದುಂಡಗಿನ ಅಕ್ಷರ. ಫಾರಂ ತುಂಬುವಾಗ ಒಂದು ಮನೆಯನ್ನೂ ಖಾಲಿ ಬಿಡುತ್ತಿರಲಿಲ್ಲ. ಹಣ ಯಾತಕ್ಕೆ ಎಂದು ಎರಡೆರಡು ಸಲ ಕೇಳಿ ಬರೆಯುತ್ತಿದ್ದ. ಜನ ಬೇಸರಪಟ್ಟುಕೊಳ್ಳುತ್ತಿದ್ದರು. ಎಲ್ಲರ ಹೆಸರನ್ನೂ ಬರೆಯುತ್ತಿದ್ದ. ಸಾಕ್ಷಿಯಾಗಿ ಅವನದೇ ರುಜು ಬೇಕಾದಾಗ ಮಾತ್ರ ಲೇಖನಿ ಕೆಳಗಿಟ್ಟು ಹೆಬ್ಬೆಟ್ಟು ಒತ್ತುತ್ತಿದ್ದ. ಸಾಯುವ ತನಕ ಅವನು ತನ್ನ ಹೆಸರನ್ನು ಇನ್ನೊಂದು ಸಲ ಬರೆಯಲಿಲ್ಲ.

ಗುರುಪಾದಯ್ಯನವರು ಕತೆ ನಿಲ್ಲಿಸಿದರು.

ರತ್ನಮಾಲಾಗೆ ಸಿಟ್ಟು ಬಂದಿತ್ತು. ವರ್ತಕನ ಮೇಲೆ ಬಂದಿತ್ತು, ಅವನ ಹೆಂಡತಿಯ ಮೇಲೆ ಬಂದಿತ್ತು. ಆದರೆ ಲೆಕ್ಕ ಕಲಿತವಳಾದ್ದರಿಂದ ಎಲ್ಲರಿಗಿಂತ ಹೆಚ್ಚಾಗಿ ಇನ್ನೊಬ್ಬನ ಮೇಲೆ ಬಂದಿತ್ತು.

“ಅವರೆಲ್ಲ ಹೋಗ್ಲಿ ಗುರುಗಳೇ, ಆ ಲೆಕ್ಕ ನೋಡೋಕೆ ಬಂದಿದ್ನಲ್ಲ, ಅವನಿಗೇನಾಗಿತ್ತು? ತೊಂಬತ್ತು ರೂಪಾಯಿ ಸಂಬಳದೋನ ಹೆಸರಿಗೆ ಮೂವತ್ತೊಂದು ಸಾವಿರ ಬಾಕಿ. ಹತ್ತೊಂಬತ್ತು ವರ್ಷದಲ್ಲಿ ಒಂದು ರೂಪಾಯಿ ವಾಪಸ್ಸು ಕಟ್ಟಿಲ್ಲ. ಇದೇನಪ್ಪಾ ಅಂತ ಒಂದು ಮಾತು ಕೇಳ್ಬೇಕು ಅನ್ನಿಸಲಿಲ್ವಾ ಅವನಿಗೆ?”

ಗುರುಗಳು ಲ್ಯಾಪ್‌ಟಾಪನ್ನು ಮತ್ತೆ ತಮ್ಮ ಕಡೆಗೆ ತಿರುಗಿಸಿಕೊಂಡು ಆ ‘ಇತರೆ’ ಗುಂಡಿಯ ಮೇಲೆ ಬೆರಳಿಟ್ಟರು.

“ಅವನಿಗೂ ಆಗ ನಿನ್ನಷ್ಟೇ ವಯಸ್ಸು ಕಣಮ್ಮ, ಎರಡೂ ಕಡೆ ತಾಳೆ ಆದ್ಮೇಲೆ ಹೆಸರು ಯಾವುದಾದ್ರೇನು ಅಂದ್ಕೊಂಡು ರುಜು ಹಾಕಿದೋನು ನಾನೇ.”